ಮಂಪರು ಔಷಧ ಮತ್ತು ಮೂತ್ರಪಿಂಡ: ಶಸ್ತ್ರಚಿಕಿತ್ಸೆಗೆ ಮುನ್ನ ಮತ್ತು ನಂತರ ಗಮನಿಸಬೇಕಾದದ್ದು

‘ಕ್ರಿಯಾಟಿನಿನ್ ಸ್ವಲ್ಪ ಏರಿದೆ’ (ಮೂತ್ರಪಿಂಡ ಸೋಸಿ ಹೊರಹಾಕಬೇಕಾದ ತ್ಯಾಜ್ಯವೊಂದು ರಕ್ತದಲ್ಲಿ ಹೆಚ್ಚಾಗಿದೆ) ಎಂಬ ಮಾತನ್ನು ಒಮ್ಮೆ ಕೇಳಿಸಿಕೊಂಡವರ ಮನೆಯಲ್ಲಿ ಶಸ್ತ್ರಚಿಕಿತ್ಸೆಯ ಪ್ರಸ್ತಾಪ ಬಂದರೆ, ಕೊಯ್ಯುವ ಕೆಲಸಕ್ಕಿಂತ ಮಂಪರು ಬರಿಸುವ ಇಂಜೆಕ್ಷನ್ನಿನ ಬಗ್ಗೆಯೇ ಹೆಚ್ಚು ಅಂಜಿಕೆ ಇರುತ್ತದೆ. ಹರ್ನಿಯಾ ಇರಲಿ, ಪಿತ್ತಕೋಶದ ಕಲ್ಲಿರಲಿ, ಮಂಡಿ ಬದಲಾವಣೆಯಿರಲಿ ಅಥವಾ ಬರೀ ಕೊಲೊನೋಸ್ಕೋಪಿ ಇರಲಿ, ಆ ಮದ್ದು ಕಿಡ್ನಿಯನ್ನು ಹಾಳು ಮಾಡುತ್ತದೆಯೇ ಎಂದು ಮನೆಯವರು ಕೇಳಿಯೇ ಕೇಳುತ್ತಾರೆ. ರೋಗಿಯೂ ಜೊತೆಗಿರುವವರೂ ಯಾವ ದಿನ ಯಾವ ಪ್ರಶ್ನೆ ಕೇಳಬೇಕು, ಯಾವ ಕಾಗದ ಕೈಯಲ್ಲಿರಬೇಕು, ಮನೆಗೆ ಬಂದ ಮೇಲೆ ಏನನ್ನು ಗಮನಿಸಬೇಕು ಎಂಬುದನ್ನು ಈ ಲೇಖನ ಕ್ರಮವಾಗಿ ವಿವರಿಸುತ್ತದೆ. ಔಷಧದ ಆಯ್ಕೆ ಮತ್ತು ಪ್ರಮಾಣ ಅರಿವಳಿಕೆ ತಜ್ಞರ ಕೆಲಸ. ಅವರ ಮುಂದೆ ಸರಿಯಾದ ಮಾಹಿತಿ ಇಡುವುದು ನಮ್ಮ ಕೆಲಸ.

ಇಂದು ಬಳಕೆಯಲ್ಲಿರುವ ಮಂಪರು ಔಷಧಗಳು ವಾಡಿಕೆಯ ಪ್ರಮಾಣದಲ್ಲಿ ಮೂತ್ರಪಿಂಡದ ಅಂಗಾಂಶಕ್ಕೆ ನೇರವಾಗಿ ವಿಷವಾಗುವುದು ಬಹಳ ಅಪರೂಪ. ತೊಂದರೆ ಬೇರೆ ಎರಡು ದಾರಿಗಳಲ್ಲಿ ಬರುತ್ತದೆ. ಹೃದಯ ಹೊರಹಾಕುವ ರಕ್ತದಲ್ಲಿ ಸುಮಾರು ಐದನೇ ಒಂದು ಭಾಗದಿಂದ ಕಾಲು ಭಾಗದವರೆಗೆ ಮೂತ್ರಪಿಂಡಗಳಿಗೇ ಹೋಗುತ್ತದೆ; ಆದರೂ ಅವುಗಳ ಒಳಪದರಕ್ಕೆ ಆಮ್ಲಜನಕ ಸದಾ ಅಳತೆಗಷ್ಟೇ ಸಿಗುತ್ತದೆ. ಮಂಪರು ಔಷಧ ರಕ್ತನಾಳಗಳನ್ನು ಸಡಿಲಿಸಿ ರಕ್ತದೊತ್ತಡವನ್ನು ತಗ್ಗಿಸಿದಾಗ ಮೊದಲು ಬಳಲುವ ಜಾಗಗಳಲ್ಲಿ ಆ ಒಳಪದರವೂ ಒಂದು. ಎರಡನೆಯ ದಾರಿ ಇದಕ್ಕೆ ತದ್ವಿರುದ್ಧವಾದದ್ದು: ಮೊದಲೇ ದುರ್ಬಲವಾಗಿರುವ ಮೂತ್ರಪಿಂಡ ಕೆಲವು ಔಷಧಗಳ ಶೇಷವನ್ನು ಹೊರಹಾಕಲಾರದೆ ಉಳಿಸಿಕೊಳ್ಳುತ್ತದೆ, ಆಗ ಮಂಪರು ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಬಿಡುವುದಿಲ್ಲ. ಮನೆಯವರ ಭಯವೆಲ್ಲ ಮದ್ದಿನ ಹೆಸರಿನ ಮೇಲಿರುತ್ತದೆ. ನನ್ನ ದೃಷ್ಟಿಯಲ್ಲಿ ಅದರ ಅರ್ಧದಷ್ಟಾದರೂ ರಕ್ತದೊತ್ತಡ, ನೀರು ಮತ್ತು ನೋವಿನ ಮಾತ್ರೆಗಳ ಕಡೆಗೆ ತಿರುಗಬೇಕು.

ಈ ಭಯಕ್ಕೆ ಒಂದು ಚರಿತ್ರೆಯೂ ಇದೆ. 1960ರಲ್ಲಿ ಬಳಕೆಗೆ ಬಂದ ಮೆಥಾಕ್ಸಿಫ್ಲೂರೇನ್ ಎಂಬ ಅರಿವಳಿಕೆ ಅನಿಲವನ್ನು ಪಡೆದ ಕೆಲವರಲ್ಲಿ ಶಸ್ತ್ರಚಿಕಿತ್ಸೆಯ ನಂತರ ಮೂತ್ರ ವಿಪರೀತ ಹೆಚ್ಚಾಗಿ ಮೂತ್ರಪಿಂಡ ಸೋತದ್ದನ್ನು 1966ರಲ್ಲಿ ಅಮೆರಿಕದ ವೈದ್ಯರು ವರದಿ ಮಾಡಿದರು. ದೇಹದಲ್ಲಿ ಅದು ಒಡೆದಾಗ ಬಿಡುಗಡೆಯಾಗುವ ಫ್ಲೋರೈಡ್ ಇದಕ್ಕೆ ಕಾರಣವೆಂದು ಗೊತ್ತಾದ ಮೇಲೆ ಪೂರ್ಣ ಅರಿವಳಿಕೆಗೆ ಅದರ ಬಳಕೆ ನಿಂತಿತು. (ಆಸ್ಟ್ರೇಲಿಯಾದಲ್ಲಿ ಅದೇ ಔಷಧವನ್ನು ಅತ್ಯಲ್ಪ ಪ್ರಮಾಣದಲ್ಲಿ, ಅಪಘಾತದ ನೋವಿಗೆ ಹಸಿರು ಪೀಪಿಯೊಂದರ ಮೂಲಕ ಇಂದಿಗೂ ಸೇದಿಸುತ್ತಾರೆ, ಪ್ರಮಾಣ ಎಷ್ಟು ಮುಖ್ಯ ಎಂಬುದಕ್ಕೆ ಇದೂ ಒಂದು ಉದಾಹರಣೆ.) ಈಗ ವ್ಯಾಪಕವಾಗಿ ಬಳಸುವ ಸೆವೋಫ್ಲೂರೇನ್ ಕೂಡ ಸ್ವಲ್ಪ ಫ್ಲೋರೈಡ್ ಬಿಡುತ್ತದೆ, ಇಲಿಗಳ ಮೂತ್ರಪಿಂಡಕ್ಕೆ ಹಾನಿ ಮಾಡುವ ಇನ್ನೊಂದು ವಸ್ತುವೂ ಅದರಿಂದ ಉಂಟಾಗುತ್ತದೆ; ಆದರೆ ದಶಕಗಳ ಬಳಕೆಯಲ್ಲಿ ಮನುಷ್ಯರಲ್ಲಿ ಅಂಥ ಹಾನಿ ಕಂಡುಬಂದಿಲ್ಲ.

ಮೊದಲ ಹೆಜ್ಜೆ: ಕ್ರಿಯಾಟಿನಿನ್ ಒಂದನ್ನೇ ನೋಡಿ ಸಮಾಧಾನಪಡಬೇಡಿ

ಶಸ್ತ್ರಚಿಕಿತ್ಸೆಗೆ ‘ಫಿಟ್ನೆಸ್’ ಬರೆಸಲು ಹೋಗುವಾಗ ಕೈಯಲ್ಲಿರುವ ರಕ್ತಪರೀಕ್ಷೆಯ ವರದಿಯಲ್ಲಿ ಸಾಮಾನ್ಯವಾಗಿ ಕ್ರಿಯಾಟಿನಿನ್ ಅಂಕಿ ಮಾತ್ರ ಇರುತ್ತದೆ, ಪಕ್ಕದಲ್ಲಿ ‘ಸಹಜ ಮಿತಿ’ ಎಂದು ಬರೆದಿರುತ್ತದೆ. ಕ್ರಿಯಾಟಿನಿನ್ ಹುಟ್ಟುವುದು ಸ್ನಾಯುಗಳಿಂದ, ಆದ್ದರಿಂದ ಸ್ನಾಯು ಕರಗಿದ ವೃದ್ಧರಲ್ಲಿ ಮೂತ್ರಪಿಂಡ ಸಾಕಷ್ಟು ಸೋತಿದ್ದರೂ ಆ ಅಂಕಿ ಅಷ್ಟಾಗಿ ಏರುವುದಿಲ್ಲ. ಕ್ರಿಯಾಟಿನಿನ್ 1.2 ಇರುವ 25 ವರ್ಷದ ಯುವಕನೊಬ್ಬನ ಸೋಸುವಿಕೆಯ ಅಂದಾಜು, ಅಂದರೆ ಇಜಿಎಫ್‌ಆರ್, 2021ರ ಸೂತ್ರದ ಪ್ರಕಾರ ಸುಮಾರು 86 ಬರುತ್ತದೆ, ಅದೇ 1.2 ಇರುವ 72 ವರ್ಷದ ಅಜ್ಜಿಗೆ ಸುಮಾರು 48 ಬರುತ್ತದೆ. ಅಂಕಿ ಒಂದೇ ಆದರೂ ಅರಿವಳಿಕೆ ತಜ್ಞರ ಪಾಲಿಗೆ ಇವರಿಬ್ಬರೂ ಬೇರೆ ಬೇರೆ ರೋಗಿಗಳು.

ಆದ್ದರಿಂದ ವರದಿಯಲ್ಲಿ ಇಜಿಎಫ್‌ಆರ್ ಇಲ್ಲದಿದ್ದರೆ ಲೆಕ್ಕ ಹಾಕಿ ಬರೆದುಕೊಡಲು ಕೇಳಿ. ವಯಸ್ಸು, ಲಿಂಗ ಮತ್ತು ಕ್ರಿಯಾಟಿನಿನ್ ಇದ್ದರೆ ಸಾಕು, ಪ್ರತ್ಯೇಕ ಪರೀಕ್ಷೆ ಬೇಕಿಲ್ಲ. 60ಕ್ಕಿಂತ ಕಡಿಮೆ ಇದ್ದರೆ ಅದನ್ನು ತಪ್ಪದೆ ಹೇಳಬೇಕು, 30ಕ್ಕಿಂತ ಕೆಳಗಿದ್ದರೆ ಔಷಧಗಳ ಆಯ್ಕೆಯೇ ಬದಲಾಗಬಹುದು. ಜೊತೆಗೆ ಪೊಟ್ಯಾಶಿಯಂ, ಹಿಮೋಗ್ಲೋಬಿನ್ ಮತ್ತು ಮೂತ್ರದಲ್ಲಿ ಪ್ರೋಟೀನ್ ಇದೆಯೇ ಎಂಬ ಪರೀಕ್ಷೆಯ ಫಲಿತಾಂಶಗಳಿರಲಿ. ಆರು ತಿಂಗಳು, ಒಂದು ವರ್ಷದ ಹಿಂದಿನ ವರದಿಗಳು ಮನೆಯ ಯಾವುದೋ ಪ್ಲಾಸ್ಟಿಕ್ ಕವರಿನಲ್ಲಿರುತ್ತವೆ. ಅವನ್ನು ಹುಡುಕಿ ತನ್ನಿ. ಶಸ್ತ್ರಚಿಕಿತ್ಸೆಯ ನಂತರ ಕ್ರಿಯಾಟಿನಿನ್ 1.6 ಬಂದರೆ ಅದು ಹೊಸ ಪೆಟ್ಟೋ ಹಳೆಯ ಸ್ಥಿತಿಯೋ ಎಂದು ಹೇಳಲು ಆ ಹಳೆಯ ಕಾಗದವೇ ಆಧಾರ.

ಎರಡನೆಯ ಹೆಜ್ಜೆ: ನುಂಗುತ್ತಿರುವ ಪ್ರತಿಯೊಂದು ಮಾತ್ರೆಯನ್ನೂ ಮೇಜಿನ ಮೇಲಿಡಿ

ಮಂಪರು ಔಷಧಕ್ಕೂ ರಕ್ತದೊತ್ತಡದ ಮಾತ್ರೆಗೂ ಏನು ಸಂಬಂಧ ಎನಿಸಬಹುದು. ಟೆಲ್ಮಿಸಾರ್ಟನ್, ಲೊಸಾರ್ಟನ್, ರಾಮಿಪ್ರಿಲ್, ಎನಲಾಪ್ರಿಲ್ ಗುಂಪಿನ ಮಾತ್ರೆಗಳು ದೀರ್ಘಕಾಲದಲ್ಲಿ ಮೂತ್ರಪಿಂಡವನ್ನು ಕಾಯುವಂಥವೇ. ಆದರೆ ಮಂಪರಿನಲ್ಲಿ ಒತ್ತಡ ಇಳಿದಾಗ ದೇಹ ಅದನ್ನು ತಾನಾಗಿಯೇ ಮೇಲೆತ್ತಿಕೊಳ್ಳುವ ವ್ಯವಸ್ಥೆಯನ್ನು ಇವು ತಡೆಯುತ್ತವೆ. ಹಿಂದಿನ ದಿನವೇ ನಿಲ್ಲಿಸಬೇಕೆ, ಬೆಳಿಗ್ಗೆಯೂ ನುಂಗಬೇಕೆ ಎಂಬುದು ಬಹುಕಾಲದ ಚರ್ಚೆ. ದೊಡ್ಡ ಶಸ್ತ್ರಚಿಕಿತ್ಸೆಗೆ ಒಳಗಾದ ಎರಡು ಸಾವಿರಕ್ಕೂ ಹೆಚ್ಚು ಮಂದಿಯ ಮೇಲೆ ಫ್ರಾನ್ಸಿನಲ್ಲಿ ನಡೆದು 2024ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮುಂದುವರಿಸಿದವರಿಗೂ 48 ಗಂಟೆ ಮೊದಲು ನಿಲ್ಲಿಸಿದವರಿಗೂ ಮರಣ ಮತ್ತು ದೊಡ್ಡ ತೊಡಕುಗಳಲ್ಲಿ ವ್ಯತ್ಯಾಸ ಕಾಣಲಿಲ್ಲ, ಆದರೆ ಮುಂದುವರಿಸಿದವರಲ್ಲಿ ಶಸ್ತ್ರಚಿಕಿತ್ಸೆಯ ನಡುವೆ ಒತ್ತಡ ಕುಸಿದದ್ದು ಹೆಚ್ಚು. ಅಂದರೆ ಎಲ್ಲರಿಗೂ ಒಪ್ಪುವ ಒಂದೇ ಉತ್ತರ ಇಲ್ಲ. ನಿಮ್ಮ ವೈದ್ಯರು ಹೇಳಿದ್ದನ್ನು ಬರೆಸಿಕೊಳ್ಳಿ, ಪಕ್ಕದ ಮನೆಯವರಿಗೆ ಹೇಳಿದ್ದನ್ನು ಅನುಸರಿಸಬೇಡಿ. ನಿಲ್ಲಿಸಲು ಹೇಳಿದರೆ ಮತ್ತೆ ಯಾವ ದಿನ ಆರಂಭಿಸಬೇಕು ಎಂಬುದನ್ನೂ ಆಗಲೇ ಕೇಳಿ, ಏಕೆಂದರೆ ನಿಲ್ಲಿಸಿದ ಮಾತ್ರೆ ತಿಂಗಳುಗಟ್ಟಲೆ ನಿಂತೇ ಹೋಗುವುದು ಸಾಮಾನ್ಯ.

ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮೊದಲಾದ ಮಧುಮೇಹದ ಮಾತ್ರೆಗಳನ್ನು ಈಚೆಗೆ ಹೃದಯ ಮತ್ತು ಕಿಡ್ನಿಯ ರಕ್ಷಣೆಗೂ ಕೊಡುತ್ತಾರೆ, ಹಾಗಾಗಿ ಸಕ್ಕರೆ ಕಾಯಿಲೆ ಇಲ್ಲದವರೂ ಇವನ್ನು ನುಂಗುತ್ತಿರಬಹುದು. ಯೋಜಿತ ಶಸ್ತ್ರಚಿಕಿತ್ಸೆಗೆ ಕನಿಷ್ಠ ಮೂರು ದಿನ ಮೊದಲು ಇವನ್ನು ನಿಲ್ಲಿಸುವುದು ವಾಡಿಕೆ. ಉಪವಾಸದಲ್ಲಿ ಇವು ದೇಹದ ನೀರನ್ನು ಕಡಿಮೆ ಮಾಡುವುದಲ್ಲದೆ, ಸಕ್ಕರೆ ಅಷ್ಟೇನೂ ಏರದೆಯೇ ರಕ್ತ ಆಮ್ಲೀಯವಾಗುವ ಅಪಾಯಕ್ಕೂ ದಾರಿ ಮಾಡಬಹುದು. ಹಿಂದಿನ ದಿನ ಸಂಜೆ ನೆನಪಾದರೆ ಸಮಯ ಮೀರಿರುತ್ತದೆ, ಆದ್ದರಿಂದ ದಿನಾಂಕ ನಿಗದಿಯಾದ ಕೂಡಲೇ ಕೇಳಬೇಕು. ಮೂತ್ರ ಹೆಚ್ಚಿಸುವ ಮಾತ್ರೆಗಳ ವಿಷಯವನ್ನೂ ಅದೇ ಭೇಟಿಯಲ್ಲಿ ಇತ್ಯರ್ಥ ಮಾಡಿಕೊಳ್ಳಿ.

ಎಲ್ಲಕ್ಕಿಂತ ಹೆಚ್ಚಾಗಿ ಮರೆತುಹೋಗುವುದು ನೋವಿನ ಮಾತ್ರೆ. ಮಂಡಿ ನೋವಿಗೆ ಮೆಡಿಕಲ್ ಶಾಪಿನಿಂದ ಚೀಟಿಯಿಲ್ಲದೆ ತಂದ ಡೈಕ್ಲೊಫೆನಾಕ್, ಅಸೆಕ್ಲೊಫೆನಾಕ್, ಐಬುಪ್ರೊಫೆನ್‌ಗಳನ್ನು ‘ಔಷಧ’ ಎಂದು ಯಾರೂ ಎಣಿಸುವುದಿಲ್ಲ, ಕೇಳಿದರೆ ‘ಯಾವ ಮಾತ್ರೆಯನ್ನೂ ತೆಗೆದುಕೊಳ್ಳುತ್ತಿಲ್ಲ’ ಎನ್ನುತ್ತಾರೆ. ಮೂತ್ರಪಿಂಡಕ್ಕೆ ರಕ್ತ ತರುವ ನಾಳವನ್ನು ತೆರೆದಿಡುವ ವಸ್ತುಗಳ ಉತ್ಪತ್ತಿಯನ್ನು ಇವು ಕುಗ್ಗಿಸುತ್ತವೆ. ಒತ್ತಡದ ಮಾತ್ರೆ, ಮೂತ್ರ ಹೆಚ್ಚಿಸುವ ಮಾತ್ರೆ, ನೋವಿನ ಮಾತ್ರೆ ಮೂರೂ ಸೇರಿದ ದೇಹಕ್ಕೆ ಉಪವಾಸ ಮತ್ತು ಮಂಪರು ಕೂಡಿಕೊಂಡಾಗ ಆಗುವ ಹಾನಿಗೆ ಆಮೇಲೆ ಮಂಪರಿನ ಮದ್ದೊಂದೇ ಹೊಣೆ ಹೊರುತ್ತದೆ. ನಾಟಿ ಮದ್ದು, ಭಸ್ಮ, ಲೇಹ್ಯ, ನಿದ್ರೆಗೆ ತೆಗೆದುಕೊಳ್ಳುವ ಅಶ್ವಗಂಧ, ಮದ್ಯದ ಅಭ್ಯಾಸ ಇವೆಲ್ಲವನ್ನೂ ಸಂಕೋಚವಿಲ್ಲದೆ ಹೇಳಿ. ನರನೋವಿಗೆ ಕೊಡುವ ಗಾಬಾಪೆಂಟಿನ್, ಪ್ರಿಗಾಬಾಲಿನ್ ಬಗ್ಗೆ ವಿಶೇಷವಾಗಿ ಹೇಳಬೇಕು: ಇವು ಬಹುಪಾಲು ಮೂತ್ರದಲ್ಲೇ ಹೊರಹೋಗುವಂಥವು, ಕಿಡ್ನಿ ದುರ್ಬಲವಿದ್ದರೆ ತಾವಾಗಿಯೇ ತೂಕಡಿಕೆ ತರುತ್ತವೆ, ಅದರ ಮೇಲೆ ಮಂಪರು ಔಷಧ ಬಿದ್ದರೆ ಉಸಿರಾಟವೇ ಕುಂಠಿತವಾಗಬಹುದು.

ಮೂರನೆಯ ಹೆಜ್ಜೆ: ಅರಿವಳಿಕೆ ತಜ್ಞರೊಂದಿಗೆ ಹತ್ತು ನಿಮಿಷದ ಮಾತು

ಶಸ್ತ್ರಚಿಕಿತ್ಸಕರನ್ನು ನಾಲ್ಕು ಬಾರಿ ಭೇಟಿಯಾದವರು ಅರಿವಳಿಕೆ ತಜ್ಞರನ್ನು ಥಿಯೇಟರಿನ ಬಾಗಿಲಲ್ಲಿ ಮೊದಲ ಸಲ ನೋಡುವುದು ನಮ್ಮಲ್ಲಿ ಇನ್ನೂ ನಡೆಯುತ್ತಿದೆ. ಮೂತ್ರಪಿಂಡದ ತೊಂದರೆ ಇದ್ದವರು ಇದಕ್ಕೆ ಒಪ್ಪಬಾರದು. ಮುಂಚಿತ ತಪಾಸಣೆಯ ದಿನವನ್ನು ಕೇಳಿ ಪಡೆಯಬೇಕು. ಅಲ್ಲಿ ಮೊದಲು ತಿಳಿಯಬೇಕಾದದ್ದು ಮಂಪರಿನ ಆಳ: ಕರೆದರೆ ಉತ್ತರಿಸುವಷ್ಟು ಹಗುರವಾದ ಮಂಪರೇ, ಅಲುಗಿಸಿದರೆ ಮಾತ್ರ ಎಚ್ಚರಾಗುವ ಆಳವಾದ ಮಂಪರೇ, ಪೂರ್ಣ ಅರಿವಳಿಕೆಯೇ? ಆಳ ಹೆಚ್ಚಿದಂತೆ ಒತ್ತಡ ಇಳಿಯುವ ಸಂಭವವೂ ಹೆಚ್ಚು. ಕೈ ಅಥವಾ ಕಾಲಿಗಷ್ಟೇ ಮರವಳಿಕೆ ಕೊಟ್ಟು ಮುಗಿಸಬಹುದಾದ ಶಸ್ತ್ರಚಿಕಿತ್ಸೆಯಾದರೆ ಆ ಸಾಧ್ಯತೆಯನ್ನು ಕೇಳುವುದರಲ್ಲಿ ತಪ್ಪಿಲ್ಲ. ಬೆನ್ನಿಗೆ ಕೊಡುವ ಇಂಜೆಕ್ಷನ್ನಿನಲ್ಲಿ ಕಿಡ್ನಿಗೆ ಏನೂ ಆಗುವುದಿಲ್ಲ ಎಂಬ ನಂಬಿಕೆ ಮಾತ್ರ ಸರಿಯಲ್ಲ. ಅದೂ ಒತ್ತಡವನ್ನು ಚೆನ್ನಾಗಿಯೇ ಇಳಿಸಬಲ್ಲದು.

ಇನ್ನು ಔಷಧಗಳು. ಹಾಲಿನಂತೆ ಬೆಳ್ಳಗಿರುವ ಪ್ರೊಪೊಫಾಲ್ ಮುಖ್ಯವಾಗಿ ಯಕೃತ್ತಿನಲ್ಲಿ ರೂಪಾಂತರಗೊಳ್ಳುತ್ತದೆ, ಮೂತ್ರದಲ್ಲಿ ಹೋಗುವ ಅದರ ಶೇಷಕ್ಕೆ ಮಂಪರಿನ ಗುಣವಿಲ್ಲ. ಆದ್ದರಿಂದ ಕಿಡ್ನಿ ಸೋತವರಲ್ಲಿಯೂ ಅದು ಬೇಗ ಇಳಿಯುತ್ತದೆ. ಅದರ ದೋಷವೆಂದರೆ ರಕ್ತದೊತ್ತಡವನ್ನು ತಟ್ಟನೆ ಬೀಳಿಸುವುದು. ವೃದ್ಧರಲ್ಲಿ ಮತ್ತು ನೀರು ಕಡಿಮೆಯಾದವರಲ್ಲಿ ಇದನ್ನು ನಿಧಾನವಾಗಿ, ಸ್ವಲ್ಪಸ್ವಲ್ಪವೇ ಕೊಡುವುದು ಈ ಕಾರಣಕ್ಕೆ. ಅಪರೂಪಕ್ಕೆ ಇದರಿಂದ ಮೂತ್ರ ಹಸಿರು ಬಣ್ಣಕ್ಕೆ ತಿರುಗುವುದುಂಟು. ನೋಡಿದವರು ಬೆಚ್ಚುತ್ತಾರೆ, ಆದರೆ ಅದು ನಿರಪಾಯಕಾರಿ. ತೀವ್ರ ನಿಗಾ ಘಟಕದಲ್ಲಿ ಗಂಟೆಗೆ ಪ್ರತಿ ಕಿಲೋ ತೂಕಕ್ಕೆ 4 ಮಿಲಿಗ್ರಾಂಗಿಂತ ಹೆಚ್ಚು ಪ್ರಮಾಣವನ್ನು 48 ಗಂಟೆ ಮೀರಿ ಹರಿಸಿದಾಗ ಸ್ನಾಯು ಕರಗಿ ಮೂತ್ರಪಿಂಡ ಸೋಲುವ ಗಂಭೀರ ಸ್ಥಿತಿಯೊಂದು ವರದಿಯಾಗಿದೆ, ಆದರೆ ಅದು ಒಂದೆರಡು ಗಂಟೆಯ ಶಸ್ತ್ರಚಿಕಿತ್ಸೆಯ ಲೆಕ್ಕಕ್ಕೆ ಬರುವುದಿಲ್ಲ.

ಮಿಡಜೋಲಾಮ್ ಕಥೆ ಬೇರೆ. ಎಂಡೋಸ್ಕೋಪಿ ಕೊಠಡಿಗಳಲ್ಲಿ ಇದು ನಿತ್ಯದ ಔಷಧ. ಮೂತ್ರಪಿಂಡ ಸರಿಯಿದ್ದವರಲ್ಲಿ ಕೆಲವೇ ಗಂಟೆಗಳಲ್ಲಿ ಇಳಿಯುತ್ತದೆ. ಆದರೆ ಯಕೃತ್ತು ಅದನ್ನು ಒಡೆದಾಗ ಉಂಟಾಗುವ ಶೇಷ ತಾನೂ ಮಂಪರು ತರಬಲ್ಲದು ಮತ್ತು ಹೊರಹೋಗಲು ಮೂತ್ರಪಿಂಡವನ್ನೇ ನಂಬಿದೆ. ಹಾಗಾಗಿ ತೀವ್ರ ಕಿಡ್ನಿ ವೈಫಲ್ಯವಿದ್ದವರಿಗೆ, ಅದರಲ್ಲೂ ಹಲವು ಗಂಟೆ ಹರಿಸಿದಾಗ, ಔಷಧ ನಿಲ್ಲಿಸಿದ ಮೇಲೂ ಎಚ್ಚರ ಬಾರದಿರುವುದನ್ನು ವೈದ್ಯರು ಕಂಡಿದ್ದಾರೆ. ರಕ್ತದ ಪ್ರೋಟೀನಿಗೆ ಅಂಟಿಕೊಂಡಿರಬೇಕಾದ ಭಾಗವೂ ಇಂಥವರಲ್ಲಿ ಹೆಚ್ಚು ಬಿಡುವಾಗಿರುವುದರಿಂದ ಸಣ್ಣ ಪ್ರಮಾಣವೇ ದೊಡ್ಡ ಪರಿಣಾಮ ತೋರುತ್ತದೆ. ‘ರಾತ್ರಿ ಚೆನ್ನಾಗಿ ನಿದ್ದೆ ಬರಲಿ’ ಎಂದು ಹಿಂದಿನ ದಿನ ಕೊಡುವ ಆಲ್ಪ್ರಜೋಲಾಮ್ ಮಾತ್ರೆಯೂ ಇದೇ ಕುಟುಂಬದ್ದು; ಕಿಡ್ನಿ ರೋಗಿಗೆ ಅದು ನಿಜವಾಗಿ ಬೇಕೇ ಎಂದು ವಾರ್ಡಿನಲ್ಲಿ ಕೇಳಬಹುದು.

ಡೆಕ್ಸ್‌ಮೆಡಿಟೊಮಿಡಿನ್ ಉಸಿರಾಟವನ್ನು ಹೆಚ್ಚು ತಗ್ಗಿಸದೆ, ಕರೆದರೆ ಎಚ್ಚರಾಗುವಂಥ ಮಂಪರು ತರುತ್ತದೆ. ಹೃದಯದ ಬಡಿತವನ್ನೂ ಒತ್ತಡವನ್ನೂ ಇಳಿಸುವುದು ಅದರ ಮುಖ್ಯ ಅಡ್ಡಪರಿಣಾಮ. ಹೃದಯ ಶಸ್ತ್ರಚಿಕಿತ್ಸೆಯ ನಂತರ ಇದು ಮೂತ್ರಪಿಂಡವನ್ನು ಕಾಯುತ್ತದೆ ಎಂದು ಹಲವು ಸಣ್ಣ ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಗಳು ಸೂಚಿಸಿವೆ. ಆದರೆ ಈ ಔಷಧ ಮೂತ್ರವನ್ನು ತಾನಾಗಿಯೇ ಹೆಚ್ಚಿಸುವ ಗುಣದ್ದು, ಮೂತ್ರ ಹೆಚ್ಚು ಬಂದ ಮಾತ್ರಕ್ಕೆ ಮೂತ್ರಪಿಂಡ ಉಳಿಯಿತು ಎನ್ನಲಾಗದು. ಕಿಡ್ನಿಯ ಹೆಸರಿನಲ್ಲಿ ಇದನ್ನೇ ಬೇಕೆಂದು ಹಟ ಹಿಡಿಯಲು ನಾನಂತೂ ಯಾರಿಗೂ ಸಲಹೆ ಮಾಡೆ. ಕೀಟಮಿನ್ ಒತ್ತಡವನ್ನು ಇಳಿಸದೆ ಏರಿಸುವ ಸ್ವಭಾವದ್ದಾದ್ದರಿಂದ ಕೆಲವರಿಗೆ ಅನುಕೂಲ, ಹೃದ್ರೋಗಿಗಳಿಗೆ ಅಷ್ಟಲ್ಲ.

ಮಂಪರಿನ ಜೊತೆ ನೋವಿಗೆ ಕೊಡುವ ಔಷಧವನ್ನು ಮರೆಯಬಾರದು, ಏಕೆಂದರೆ ಕಿಡ್ನಿ ರೋಗಿಗಳಲ್ಲಿ ಎಚ್ಚರ ತಡವಾಗಲು ಅನೇಕ ಸಲ ಅದೇ ಕಾರಣ. ಮಾರ್ಫಿನ್‌ನ ಶೇಷ ಮಾರ್ಫಿನ್ನಿನಷ್ಟೇ ಶಕ್ತಿಯುಳ್ಳದ್ದು, ಮೂತ್ರಪಿಂಡ ಸೋತಾಗ ದೇಹದಲ್ಲೇ ಉಳಿದು ಉಸಿರಾಟವನ್ನು ತಗ್ಗಿಸುತ್ತದೆ. ಪೆಥಿಡಿನ್‌ನ ಶೇಷ ಶೇಖರವಾದರೆ ಅಪಸ್ಮಾರದಂಥ ಸೆಳವು ಬರಬಹುದು. ಟ್ರಮಡಾಲ್ ಪ್ರಮಾಣವನ್ನೂ ಕಡಿಮೆ ಮಾಡಬೇಕಾಗುತ್ತದೆ. ಇವುಗಳಿಗೆ ಹೋಲಿಸಿದರೆ ಫೆಂಟನಿಲ್ ಸುರಕ್ಷಿತ. ಸ್ನಾಯು ಸಡಿಲಿಸುವ ಔಷಧಗಳಲ್ಲಿ ಅಟ್ರಾಕ್ಯೂರಿಯಂ ರಕ್ತದಲ್ಲಿ ತಾನಾಗಿಯೇ ಒಡೆದುಹೋಗುವುದರಿಂದ ಮೂತ್ರಪಿಂಡದ ನೆರವು ಹೆಚ್ಚಾಗಿ ಬೇಡ, ಸಕ್ಸಿನೈಲ್ಕೋಲಿನ್ ಪೊಟ್ಯಾಶಿಯಂ ಅನ್ನು ಸುಮಾರು ಅರ್ಧ ಅಂಕದಷ್ಟು ಏರಿಸುತ್ತದೆ. ಈ ಹೆಸರುಗಳನ್ನು ಬಾಯಿಪಾಠ ಮಾಡಬೇಕಾಗಿಲ್ಲ. ‘ಇಜಿಎಫ್‌ಆರ್ ಇಷ್ಟಿದೆ, ಶೇಷ ಉಳಿಯುವಂಥ ಔಷಧ ಯಾವುದಾದರೂ ಇದೆಯೇ, ಒತ್ತಡವನ್ನು ಎಷ್ಟಕ್ಕಿಂತ ಕೆಳಗೆ ಬಿಡುವುದಿಲ್ಲ?’ ಎಂಬ ಎರಡು ಪ್ರಶ್ನೆ ಕೇಳಿದರೆ ಮುಂದಿನ ಮಾತು ತಾನಾಗಿ ಬರುತ್ತದೆ. ಮನೆಯಲ್ಲಿ ಸಾಮಾನ್ಯವಾಗಿ ಇರುವ ಒತ್ತಡದ ಅಂಕಿಗಳನ್ನು ಒಂದು ವಾರ ಬರೆದು ತಂದರೆ ಎರಡನೆಯ ಪ್ರಶ್ನೆಗೆ ಉತ್ತರಿಸುವುದು ಅವರಿಗೆ ಸುಲಭ.

ನಾಲ್ಕನೆಯ ಹೆಜ್ಜೆ: ಉಪವಾಸವನ್ನು ನಿರ್ಜಲ ಏಕಾದಶಿ ಮಾಡಬೇಡಿ

‘ರಾತ್ರಿ ಹನ್ನೆರಡರ ಮೇಲೆ ಏನೂ ಬೇಡ’ ಎಂಬ ಸೂಚನೆ ಇನ್ನೂ ಅನೇಕ ಕಡೆ ಚಾಲ್ತಿಯಲ್ಲಿದೆ. ಸರದಿ ಮಧ್ಯಾಹ್ನ ಎರಡಕ್ಕೆ ಬಂದರೆ ರೋಗಿ ಹದಿನಾಲ್ಕು ಗಂಟೆ ನೀರಿಲ್ಲದೆ ಇದ್ದಂತಾಯಿತು. ಏಪ್ರಿಲ್ ತಿಂಗಳ ಕಲಬುರಗಿ, ರಾಯಚೂರುಗಳ ಬಿಸಿಲಿನಲ್ಲಿ ಅದು ಸಣ್ಣ ಮಾತಲ್ಲ. ಒಣಗಿದ ದೇಹಕ್ಕೆ ಮಂಪರು ಕೊಟ್ಟಾಗ ಒತ್ತಡ ಇನ್ನೂ ಬೇಗ ಬೀಳುತ್ತದೆ. ಅಂತರರಾಷ್ಟ್ರೀಯ ಮಾರ್ಗಸೂಚಿಗಳ ಪ್ರಕಾರ ಹಗುರ ಆಹಾರಕ್ಕೆ 6 ಗಂಟೆ, ತಿಳಿ ದ್ರವಕ್ಕೆ 2 ಗಂಟೆಯ ಅಂತರ ಸಾಕು. ನೀರು, ಹಾಲಿಲ್ಲದ ಚಹಾ ತಿಳಿ ದ್ರವಗಳು; ಹಾಲು, ಮಜ್ಜಿಗೆ, ರಾಗಿ ಅಂಬಲಿ, ಗಂಜಿ ಅಲ್ಲ. ಪೊಟ್ಯಾಶಿಯಂ ಹೆಚ್ಚಿರುವವರು ಎಳನೀರನ್ನು ದೂರವಿಡಬೇಕು. ದೀರ್ಘಕಾಲದ ಮಧುಮೇಹದಿಂದ ಹೊಟ್ಟೆ ನಿಧಾನವಾಗಿ ಖಾಲಿಯಾಗುವವರಿಗೆ, ತೂಕ ಇಳಿಸುವ ವಾರದ ಇಂಜೆಕ್ಷನ್ ಪಡೆಯುತ್ತಿರುವವರಿಗೆ ಈ ಗಂಟೆಗಳ ಲೆಕ್ಕ ಬದಲಾಗುತ್ತದೆ, ಆದ್ದರಿಂದ ನಿಮಗೆ ಅನ್ವಯಿಸುವ ಗಂಟೆಯನ್ನು ಬರೆಸಿಕೊಳ್ಳಿ ಮತ್ತು ಪಟ್ಟಿಯಲ್ಲಿ ಬೆಳಗಿನ ಮೊದಲ ಸರದಿ ಸಿಗುವುದೇ ಎಂದು ವಿಚಾರಿಸಿ.

ನೀರು ಎಷ್ಟು ಮುಖ್ಯ ಎಂಬುದಕ್ಕೆ 2018ರ ಒಂದು ಅಧ್ಯಯನವನ್ನು ನೆನೆಯಬಹುದು. ಹೊಟ್ಟೆಯ ದೊಡ್ಡ ಶಸ್ತ್ರಚಿಕಿತ್ಸೆಗೆ ಒಳಗಾದ ಸುಮಾರು 3,000 ಮಂದಿಯಲ್ಲಿ, ರಕ್ತನಾಳದ ಮೂಲಕ ಕೊಡುವ ದ್ರವವನ್ನು ಬಿಗಿಯಾಗಿ ಮಿತಗೊಳಿಸಿದ ಗುಂಪಿನಲ್ಲಿ ಶೇ 8.6 ಮಂದಿಗೆ ಮೂತ್ರಪಿಂಡದ ತೀವ್ರ ತೊಂದರೆ ಕಂಡಿತು, ಸ್ವಲ್ಪ ಧಾರಾಳವಾಗಿ ಕೊಟ್ಟ ಗುಂಪಿನಲ್ಲಿ ಶೇ 5.0. ಆದರೆ ಹೃದಯ ದುರ್ಬಲವಿರುವವರಿಗೆ, ಡಯಾಲಿಸಿಸ್‌ನಲ್ಲಿರುವವರಿಗೆ ಇದೇ ಧಾರಾಳತನ ಶ್ವಾಸಕೋಶಕ್ಕೆ ನೀರು ತುಂಬಿಸಬಹುದು.

ಕೊಲೊನೋಸ್ಕೋಪಿಗೆ ಹೋಗುವವರು ಇನ್ನೊಂದು ವಿಷಯ ತಿಳಿದಿರಬೇಕು. ಕರುಳು ತೊಳೆಯಲು ಕುಡಿಸುವ ದ್ರಾವಣಗಳಲ್ಲಿ ಸೋಡಿಯಂ ಫಾಸ್ಫೇಟ್ ಇರುವಂಥದ್ದು ಮೂತ್ರಪಿಂಡದಲ್ಲಿ ಹರಳುಗಟ್ಟಿ ಶಾಶ್ವತ ಹಾನಿ ಮಾಡಿದ ನಿದರ್ಶನಗಳಿವೆ, 2008ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಈ ಬಗ್ಗೆ ಗಂಭೀರ ಎಚ್ಚರಿಕೆ ನೀಡಿತು. ಕಿಡ್ನಿ ತೊಂದರೆ ಇದ್ದವರಿಗೆ ಪಾಲಿಎಥಿಲೀನ್ ಗ್ಲೈಕಾಲ್ ದ್ರಾವಣವೇ ಸೂಕ್ತ. ಅರ್ಧ ದಿನ ಭೇದಿಯಾಗಿ ನೀರು ಕಳೆದುಕೊಂಡ ದೇಹಕ್ಕೆ ಮರುದಿನ ಬೆಳಿಗ್ಗೆ ಮಂಪರು ಕೊಡುತ್ತಾರೆ ಎಂಬುದನ್ನು ನೆನಪಿಟ್ಟು, ಅನುಮತಿ ಇರುವವರೆಗೆ ನೀರು ಕುಡಿಯುತ್ತಿರಬೇಕು.

ಡಯಾಲಿಸಿಸ್‌ನಲ್ಲಿರುವವರಿಗೆ ಪ್ರತ್ಯೇಕ ಮಾತು

ಯೋಜಿತ ಶಸ್ತ್ರಚಿಕಿತ್ಸೆಯಾದರೆ ಹಿಂದಿನ ದಿನ ಡಯಾಲಿಸಿಸ್ ಮುಗಿದಿರುವುದು ಒಳ್ಳೆಯದು. ಅದೇ ದಿನ ಬೆಳಿಗ್ಗೆ ಮಾಡಿಸಿಕೊಂಡು ಬಂದರೆ ದೇಹದ ನೀರು ಕಡಿಮೆಯಾಗಿ ಒತ್ತಡ ಬೀಳಬಹುದು, ಆಗ ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್ ಪ್ರಭಾವವೂ ಉಳಿದಿರಬಹುದು. ಕೊನೆಯ ಡಯಾಲಿಸಿಸ್ ಯಾವಾಗ ಆಯಿತು, ಒಣತೂಕ (ಹೆಚ್ಚುವರಿ ನೀರು ತೆಗೆದ ಮೇಲಿನ ತೂಕ) ಎಷ್ಟು, ದಿನಕ್ಕೆ ಎಷ್ಟು ಮೂತ್ರ ಬರುತ್ತದೆ ಎಂಬ ಮೂರು ವಿವರ ಬರೆದಿಟ್ಟುಕೊಳ್ಳಿ. ಥಿಯೇಟರಿಗೆ ಒಯ್ಯುವ ಮುನ್ನ ಪೊಟ್ಯಾಶಿಯಂ ಇನ್ನೊಮ್ಮೆ ನೋಡಿದ್ದಾರೆಯೇ ಎಂದು ಕೇಳಿ. ಫಿಸ್ಟುಲಾ (ಡಯಾಲಿಸಿಸ್ಸಿಗಾಗಿ ರಕ್ತನಾಳಗಳನ್ನು ಜೋಡಿಸಿ ಮಾಡಿದ ದಾರಿ) ಇರುವ ಕೈಗೆ ಸೂಜಿ ಚುಚ್ಚಬಾರದು, ಒತ್ತಡ ನೋಡುವ ಪಟ್ಟಿ ಕಟ್ಟಬಾರದು. ಮಂಪರಿನಲ್ಲಿರುವವರು ಇದನ್ನು ತಾವೇ ಹೇಳಲಾರರು, ಹಾಗಾಗಿ ಆ ಕೈಗೆ ದೊಡ್ಡ ಅಕ್ಷರದ ಚೀಟಿ ಅಂಟಿಸಿ ಕಳುಹಿಸುವುದು ಅತಿಯಾಯಿತು ಎಂದು ಯಾರೂ ಭಾವಿಸಬೇಕಾಗಿಲ್ಲ. ಒತ್ತಡ ತೀರಾ ಇಳಿದರೆ ಆ ಫಿಸ್ಟುಲಾ ಹೆಪ್ಪುಗಟ್ಟಿ ಮುಚ್ಚಿಹೋಗುವ ಸಂಭವವಿದೆ. ವಾರ್ಡಿಗೆ ಮರಳಿದ ಕೂಡಲೇ ಅದರ ಮಿಡಿತವನ್ನು ಮುಟ್ಟಿ ನೋಡಿ.

ಐದನೆಯ ಹೆಜ್ಜೆ: ಬಾಗಿಲ ಒಳಗೆ ನಡೆಯುವುದು

ಇದು ಸಂಪೂರ್ಣವಾಗಿ ತಜ್ಞರ ಕೈಯಲ್ಲಿರುವ ಭಾಗ. ಅವರು ಗಮನಿಸುವ ಮುಖ್ಯ ಅಂಕಿ ಸರಾಸರಿ ರಕ್ತದೊತ್ತಡ: 120/80 ಇದ್ದವರಲ್ಲಿ ಅದು ಸುಮಾರು 93. ಅಮೆರಿಕದ ಕ್ಲೀವ್‌ಲೆಂಡ್ ಕ್ಲಿನಿಕ್‌ನ ಮೂವತ್ತು ಸಾವಿರಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆಗಳ ದಾಖಲೆಯನ್ನು ಪರಿಶೀಲಿಸಿದ 2013ರ ಅಧ್ಯಯನದಲ್ಲಿ, ಈ ಸರಾಸರಿ 55ಕ್ಕಿಂತ ಕೆಳಗಿಳಿದ ಕೆಲವೇ ನಿಮಿಷಗಳಿಗೂ ಮೂತ್ರಪಿಂಡದ ತೊಂದರೆಗೂ ಸಂಬಂಧ ಕಂಡಿತು. ಮೊದಲೇ ಏರೊತ್ತಡದ ಕಾಯಿಲೆ ಇದ್ದವರಿಗೆ ಇನ್ನೂ ಮೇಲಿನ ಮಟ್ಟ ಬೇಕಾಗಬಹುದು.

ಆರನೆಯ ಹೆಜ್ಜೆ: ಎಚ್ಚರವಾದ ಮೇಲೆ ಮೊದಲ ಇಪ್ಪತ್ತನಾಲ್ಕು ಗಂಟೆ

ತೂಕಡಿಕೆ ನಿರೀಕ್ಷೆಗಿಂತ ಹೆಚ್ಚು ಹೊತ್ತು ಉಳಿದರೆ ‘ಪಾಪ, ಸುಸ್ತಾಗಿದ್ದಾರೆ, ಮಲಗಲಿ’ ಎಂದು ಬಿಡಬೇಡಿ, ನರ್ಸ್‌ಗೆ ತಿಳಿಸಿ. ಶೇಷ ಉಳಿದ ಮಂಪರು ಅಥವಾ ನೋವಿನ ಔಷಧ ಕಾರಣವಿರಬಹುದು, ಮಿಡಜೋಲಾಮ್‌ಗೂ ಮಾರ್ಫಿನ್‌ಗೂ ಪ್ರತಿಮದ್ದುಗಳಿವೆ, ಆದರೆ ಅವುಗಳ ಪರಿಣಾಮ ಬೇಗ ಮುಗಿಯುವುದರಿಂದ ಮಂಪರು ಮರಳಿ ಬರಬಹುದು. ಮಧುಮೇಹಿಗಳಲ್ಲಿ ಮೊದಲು ಮಾಡಬೇಕಾದದ್ದು ಬೆರಳು ಚುಚ್ಚಿ ಸಕ್ಕರೆ ನೋಡುವುದು: ಮೂತ್ರಪಿಂಡ ದುರ್ಬಲವಿದ್ದಾಗ ಇನ್ಸುಲಿನ್ ಮತ್ತು ಕೆಲವು ಸಕ್ಕರೆ ಮಾತ್ರೆಗಳು ದೇಹದಲ್ಲಿ ಹೆಚ್ಚು ಕಾಲ ಉಳಿಯುತ್ತವೆ, ಉಪವಾಸವೂ ಸೇರಿ ಸಕ್ಕರೆ ಕುಸಿದಿದ್ದರೆ ಅದು ನೋಡಲು ಮಂಪರಿನಂತೆಯೇ ಇರುತ್ತದೆ.

ಮೂತ್ರದ ಲೆಕ್ಕ ಇಡಿ. ಗಂಟೆಗೆ ಪ್ರತಿ ಕಿಲೋ ತೂಕಕ್ಕೆ ಅರ್ಧ ಮಿಲಿಲೀಟರ್ ಎಂಬುದು ಕನಿಷ್ಠ ಅಳತೆ. 60 ಕಿಲೋ ತೂಕದವರಿಗೆ ಗಂಟೆಗೆ 30 ಮಿಲಿಲೀಟರ್, ಆರು ಗಂಟೆಗೆ 180. ಇದಕ್ಕಿಂತ ಕಡಿಮೆಯಾದರೆ ಎರಡು ಸಾಧ್ಯತೆಗಳಿವೆ: ಮೂತ್ರಪಿಂಡ ಮೂತ್ರ ತಯಾರಿಸುತ್ತಿಲ್ಲ, ಅಥವಾ ತಯಾರಾದದ್ದು ಮೂತ್ರಕೋಶದಲ್ಲೇ ನಿಂತಿದೆ. ಬೆನ್ನಿನ ಇಂಜೆಕ್ಷನ್, ಮಾರ್ಫಿನ್ ಗುಂಪಿನ ಔಷಧಗಳು ಮತ್ತು ಪ್ರಾಸ್ಟೇಟ್ ಊತ ಎರಡನೆಯದಕ್ಕೆ ಸಾಮಾನ್ಯ ಕಾರಣಗಳು. ಕಿಬ್ಬೊಟ್ಟೆ ಉಬ್ಬಿ ನೋಯುತ್ತದೆ, ಒಂದು ನಳಿಕೆ ಹಾಕಿದರೆ ಪರಿಹಾರ ಸಿಗುತ್ತದೆ. ಇದನ್ನು ಕಿಡ್ನಿ ವೈಫಲ್ಯವೆಂದು ತಿಳಿದು ಮೇಲಿಂದ ಮೇಲೆ ದ್ರವ ಹರಿಸುವುದರಿಂದ ತೊಂದರೆ ಹೆಚ್ಚುತ್ತದೆ.

ಏಳನೆಯ ಹೆಜ್ಜೆ: ಮನೆಗೆ ಬಂದ ನಂತರ

ಕ್ರಿಯಾಟಿನಿನ್ ತಕ್ಷಣ ಏರುವುದಿಲ್ಲ. ಪೆಟ್ಟು ಬಿದ್ದ ಒಂದೆರಡು ದಿನಗಳ ಮೇಲೆ ಅದು ಕಾಣಿಸುತ್ತದೆ, ಅಷ್ಟರಲ್ಲಿ ಬೆಳಿಗ್ಗೆ ಬಂದು ಸಂಜೆ ಹೋಗುವ ಶಸ್ತ್ರಚಿಕಿತ್ಸೆಯ ರೋಗಿ ಮನೆಯಲ್ಲಿರುತ್ತಾರೆ. ಇಡೀ ಪ್ರಕ್ರಿಯೆಯಲ್ಲಿ ಅತ್ಯಂತ ದುರ್ಬಲವಾದ ಕೊಂಡಿ ಇದೇ ಎಂಬುದು ನನ್ನ ಎಣಿಕೆ. ಮೊದಲೇ ಇಜಿಎಫ್‌ಆರ್ 60ಕ್ಕಿಂತ ಕಡಿಮೆ ಇದ್ದವರು, ಶಸ್ತ್ರಚಿಕಿತ್ಸೆಯ ವೇಳೆ ಒತ್ತಡ ಇಳಿದಿತ್ತು ಎಂದು ತಿಳಿದವರು, ಆಂಜಿಯೋಗ್ರಾಂ ಅಥವಾ ಸಿ.ಟಿ. ಸ್ಕ್ಯಾನ್‌ಗೆ ಬಣ್ಣದ ದ್ರವ ಪಡೆದವರು 48ರಿಂದ 72 ಗಂಟೆಗಳ ನಡುವೆ ಕ್ರಿಯಾಟಿನಿನ್ ಪರೀಕ್ಷಿಸುವಂತೆ ಡಿಸ್ಚಾರ್ಜ್ ಚೀಟಿಯಲ್ಲಿ ಬರೆಸಿಕೊಂಡು, ಊರಿನ ಲ್ಯಾಬಿನಲ್ಲಾದರೂ ಮಾಡಿಸಬೇಕು. 48 ಗಂಟೆಗಳೊಳಗೆ 0.3ರಷ್ಟು ಏರಿದ್ದರೆ ಅಥವಾ ಒಂದು ವಾರದೊಳಗೆ ಹಳೆಯ ಅಂಕಿಯ ಒಂದೂವರೆ ಪಟ್ಟಾಗಿದ್ದರೆ, 2012ರ ಅಂತರರಾಷ್ಟ್ರೀಯ ಮಾರ್ಗಸೂಚಿಯಂತೆ ಅದು ಮೂತ್ರಪಿಂಡದ ತೀವ್ರ ಪೆಟ್ಟು, 0.9 ಇದ್ದದ್ದು 1.3 ಆದರೆ ‘ಸಹಜಕ್ಕೆ ಹತ್ತಿರವೇ ಇದೆಯಲ್ಲ’ ಎನಿಸಿದರೂ ವೈದ್ಯರಿಗೆ ತೋರಿಸಲೇಬೇಕು.

ಡಿಸ್ಚಾರ್ಜ್ ಚೀಟಿಯಲ್ಲಿ ಬರೆದಿರುವ ನೋವಿನ ಮಾತ್ರೆ ಯಾವುದು ಎಂದು ಆಸ್ಪತ್ರೆ ಬಿಡುವ ಮುನ್ನವೇ ಓದಿ ಕೇಳಿ. ಪ್ಯಾರಸಿಟಮಾಲ್ ಸರಿಯಾದ ಪ್ರಮಾಣದಲ್ಲಿ ಸುರಕ್ಷಿತ. ಪ್ಯಾರಸಿಟಮಾಲ್ ಜೊತೆ ಅಸೆಕ್ಲೊಫೆನಾಕ್ ಸೇರಿಸಿದ ಜೋಡಿ ಮಾತ್ರೆಗಳು ಬಹಳ ಸಾಮಾನ್ಯ, ಪಟ್ಟಿಯ ಹಿಂಬದಿಯ ಸಣ್ಣ ಅಕ್ಷರಗಳನ್ನು ಓದದೆ ನುಂಗಬೇಡಿ. ಮನೆಯಲ್ಲಿ ವಾಂತಿ ನಿಲ್ಲದಿದ್ದರೆ, ಹನ್ನೆರಡು ಗಂಟೆಯಲ್ಲಿ ಮೂತ್ರ ತೀರಾ ಕಡಿಮೆಯಾದರೆ, ಮುಖ ಅಥವಾ ಕಾಲು ಊದಿದರೆ, ಉಸಿರು ಕಟ್ಟಿದರೆ, ಮಾತು ಅಸಂಬದ್ಧವಾದರೆ ಮುಂದಿನ ಭೇಟಿಯ ದಿನಾಂಕಕ್ಕೆ ಕಾಯದೆ ಆಸ್ಪತ್ರೆಗೆ ಮರಳಬೇಕು. ಮೂತ್ರಪಿಂಡಕ್ಕೆ ಪೆಟ್ಟಾದದ್ದು ಖಚಿತವಾಗಿದ್ದರೆ, ಅದು ಪೂರ್ತಿ ವಾಸಿಯಾದಂತೆ ಕಂಡರೂ, ಮೂರು ತಿಂಗಳ ನಂತರ ಕ್ರಿಯಾಟಿನಿನ್ ಮತ್ತು ಮೂತ್ರದ ಪ್ರೋಟೀನ್ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿಸಿ. ಆ ವರದಿಯ ಜೊತೆಗೆ, ಯಾವ ಮಂಪರು ಔಷಧ ಎಷ್ಟು ಕೊಟ್ಟರು, ಒತ್ತಡ ಎಷ್ಟಕ್ಕೆ ಇಳಿದಿತ್ತು ಎಂಬ ಅರಿವಳಿಕೆ ದಾಖಲೆಯ ಪ್ರತಿಯನ್ನೂ ಆಸ್ಪತ್ರೆಯಿಂದ ಕೇಳಿ ಪಡೆದು ಅದೇ ಕವರಿನಲ್ಲಿಡಿ, ಏಕೆಂದರೆ ಮುಂದಿನ ಶಸ್ತ್ರಚಿಕಿತ್ಸೆಯಲ್ಲಿ ಅರಿವಳಿಕೆ ತಜ್ಞರು ಮೊದಲು ಕೇಳುವುದು ಅದನ್ನೇ.